ಎಕ್ಸ್‌-ರೇ ಬೆಂಗಳೂರಿಗೆ, ಮುರಿದ ಕಾಲು ನುಗ್ಗೇಹಳ್ಳಿಯಲ್ಲಿ

ಊರು ಬಿಟ್ಟು ಬಂದ ನಮ್ಮಂಥವರ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಹೂವು, ಲಗ್ನಪತ್ರಿಕೆ, ತಿಪಟೂರಿನ ಕೊಬ್ಬರಿ ರೇಟು ಇವುಗಳ ನಡುವೆ ಆಗಾಗ ಒಂದು ಕಪ್ಪು-ಬಿಳುಪು ಚಿತ್ರ ಬಂದು ಬೀಳುತ್ತೆ. ಕಿಟಕಿಗೆ ಹಿಡಿದು ತೆಗೆದ ಎಕ್ಸ್‌-ರೇ. ಅರ್ಧದಲ್ಲಿ ಮೂಳೆ, ಇನ್ನರ್ಧದಲ್ಲಿ ಕಿಟಕಿ ಸರಳು, ಅದರಾಚೆ ತೆಂಗಿನ ಗರಿ. ಕೆಳಗೆ ಒಂದೇ ಸಾಲು: ‘ಯಾರಾದ್ರೂ ಗೊತ್ತಿರೋ ಡಾಕ್ಟ್ರಿಗೆ ತೋರಿಸ್ರಪ್ಪ.’

ಬೆಂಗಳೂರಿನಲ್ಲಿರೋ ನಾವು ಆಫೀಸ್ ಮೀಟಿಂಗ್ ಮಧ್ಯದಲ್ಲೇ ಅದನ್ನು ಫಾರ್ವರ್ಡ್ ಮಾಡ್ತೀವಿ. ಸ್ನೇಹಿತನ ಅಕ್ಕನಿಗೆ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಡಾಕ್ಟರಿಗೆ, ಕಾಲೇಜು ಗೆಳತಿಯ ಗಂಡನಿಗೆ. ಉತ್ತರ ಬರುತ್ತೆ: ‘ಫ್ರ್ಯಾಕ್ಚರ್ ಇದ್ದ ಹಾಗಿದೆ, ಕರ್ಕೊಂಡು ಬನ್ನಿ.’ ಅಲ್ಲಿಗೆ ನಮ್ಮ ಕರ್ತವ್ಯ ಮುಗೀತು ಅನ್ನೋ ಸಮಾಧಾನ. ಊರಲ್ಲಿರೋರಿಗೆ ಮಾತ್ರ ಪ್ರಶ್ನೆ ಹಾಗೇ ಉಳಿಯುತ್ತೆ. ಎಲ್ಲಿಗೆ ಕರ್ಕೊಂಡು ಬರೋದು? ಈಗಲೇನಾ, ನಾಳೆ ಬೆಳಿಗ್ಗೇನಾ? ಕೂರಿಸ್ಕೊಂಡಾ, ಮಲಗಿಸ್ಕೊಂಡಾ?

ಮುರಿದ ಮೂಳೆಗೆ ದೂರದ ತಜ್ಞರ ಸಲಹೆ ಎಲ್ಲಿ ಉಪಯೋಗಕ್ಕೆ ಬರುತ್ತೆ, ಎಲ್ಲಿ ಅದೇ ಅಪಾಯ ಆಗುತ್ತೆ? ಓದಿ, ವೈದ್ಯರನ್ನು ಕೇಳಿ, ನಮ್ಮ ಮನೆಯಲ್ಲೇ ನೋಡಿ ನಾನು ತಿಳ್ಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ತೆಂಗಿನ ಮರ, ಬೈಕು, ಬಚ್ಚಲುಮನೆ

ನಮ್ಮೂರು ನುಗ್ಗೇಹಳ್ಳಿ. ಹಾಸನ ಜಿಲ್ಲೆ, ಚನ್ನರಾಯಪಟ್ಟಣ ತಾಲ್ಲೂಕು. ಹೊಯ್ಸಳರ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿದವರಿಗೆ ಊರಿನ ಗುರುತು ಇರುತ್ತೆ. ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗೋ ರಸ್ತೆಯಲ್ಲಿದೆ. ಸುತ್ತಮುತ್ತ ತೆಂಗು. ಹಾಸನ ಸುಮಾರು 50 ಕಿ.ಮೀ., ಬೆಂಗಳೂರು ಸುಮಾರು 160.

ಇಂಥ ಕಡೆ ಮೂಳೆ ಮುರಿಯೋದಕ್ಕೆ ಮೂರು ದಾರಿ. ಮೊದಲನೇದು ತೆಂಗಿನ ಮರ. ಮರ ಹತ್ತೋರು ಕಡಿಮೆಯಾಗಿ, ಐವತ್ತು ದಾಟಿದ ತೋಟದ ಯಜಮಾನರೇ ಹತ್ತೋ ಕಾಲ ಇದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಅಂತ ತರಬೇತಿ ಶುರು ಮಾಡಿ ಯುವಕರಿಗೆ ಮರ ಹತ್ತೋ ಯಂತ್ರ ಬಳಸೋದು ಕಲಿಸಿತು. ಮರ ಹತ್ತೋರಿಗೆ ‘ಕೇರ ಸುರಕ್ಷಾ’ ಅನ್ನೋ ಅಪಘಾತ ವಿಮೆಯೂ ಇದೆ. ಆದರೂ ಬಹಳ ತೋಟಗಳಲ್ಲಿ ಈಗಲೂ ಕಾಲಿಗೆ ಹಗ್ಗದ ಬಳೆ, ಸೊಂಟಕ್ಕೆ ಮಚ್ಚು. ಎರಡನೇದು ಬೈಕು. ಮೂರನೇದು ಯಾರೂ ಲೆಕ್ಕಕ್ಕೇ ತಗೊಳ್ಳದ ಬಚ್ಚಲುಮನೆ. ಎಪ್ಪತ್ತು ದಾಟಿದ ಅಜ್ಜಿ ಒದ್ದೆ ನೆಲದಲ್ಲಿ ಜಾರಿ ಕೂತರೆ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯುತ್ತೆ.

‘ನಮ್ಮ ಹೋಬಳಿಯಲ್ಲೇ ಒಬ್ಬ ಮೂಳೆ ಡಾಕ್ಟರ್ ಇದ್ದಿದ್ರೆ’ ಅಂತ ಎಲ್ಲರೂ ಹೇಳ್ತಾರೆ. ಆದರೆ ಒಬ್ಬ ಡಾಕ್ಟರ್ ಸಾಲಲ್ಲ. ತೊಡೆಮೂಳೆಗೆ ರಾಡ್ ಹಾಕಬೇಕಾದ್ರೆ ಅರಿವಳಿಕೆ ತಜ್ಞರು ಬೇಕು. ಆಪರೇಷನ್ ನಡೆಯುವಾಗಲೇ ಮೂಳೆಯನ್ನು ಪರದೆ ಮೇಲೆ ತೋರಿಸೋ ಸಿ-ಆರ್ಮ್ ಯಂತ್ರ ಬೇಕು. ಬೇರೆ ಬೇರೆ ಅಳತೆಯ ರಾಡು, ಪ್ಲೇಟು, ಸ್ಕ್ರೂಗಳು, ಹೊಂದುವ ರಕ್ತ ಎಲ್ಲ ಸಿದ್ಧ ಇರಬೇಕು. ಎಲ್ಲಕ್ಕಿಂತ ಮುಖ್ಯ, ಕಟ್ಟುನಿಟ್ಟಾಗಿ ಶುದ್ಧ ಇರೋ ಥಿಯೇಟರ್. ಚರ್ಮದ ಸೋಂಕು ವಾರದಲ್ಲಿ ವಾಸಿಯಾಗಬಹುದು. ಲೋಹ ಕೂರಿಸಿದ ಮೂಳೆಗೆ ಸೋಂಕು ಹತ್ತಿದರೆ ತಿಂಗಳುಗಟ್ಟಲೆ ಕಾಡುತ್ತೆ, ಹಾಕಿದ ಲೋಹವನ್ನೇ ತೆಗೆಯಬೇಕಾಗಬಹುದು. ಹಾಗಾಗಿ ದೊಡ್ಡ ಮೂಳೆ ಶಸ್ತ್ರಚಿಕಿತ್ಸೆ ಜಿಲ್ಲಾ ಕೇಂದ್ರಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಬಂದು ನಿಂತಿದೆ. ನಮ್ಮ ಕಡೆಯವರಿಗೆ ಅಂದರೆ 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬೆಂಗಳೂರು ಹೆದ್ದಾರಿಯಲ್ಲಿ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು, ಇನ್ನೂ ಮುಂದೆ ಹೋದರೆ ಬೆಂಗಳೂರು ಜಯನಗರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ.

ಗೂಗಲ್ ಮ್ಯಾಪಿನಲ್ಲಿ ಇವೆಲ್ಲ ಒಂದು, ಎರಡು, ಮೂರು ಗಂಟೆ. ಬಿದ್ದವರನ್ನು ಹಿಂದಿನ ಸೀಟಿನಲ್ಲಿ ಮಲಗಿಸ್ಕೊಂಡು, ಹಂಪು ಬಂದಾಗಲೆಲ್ಲ ಅವರು ಕೂಗೋದನ್ನು ಕೇಳ್ಕೊಂಡು ಹೋದವರಿಗೆ ಈ ದೂರದ ಅಳತೆಯೇ ಬೇರೆ. ಆ ದೂರ ಹೋಗಬೇಕಾ, ಹೋಗೋದಾದರೆ ಹೇಗೆ, ಎಷ್ಟು ಬೇಗ? ಫೋನ್ ಕೆಲಸಕ್ಕೆ ಬರೋದು ಇಲ್ಲಿ.

‘ಫೋಟೊ ಬೇಡ, ಪಕ್ಕದಲ್ಲಿ ಯಾರಿದ್ದಾರೆ?’

ಹೋದ ವರ್ಷ ನಮ್ಮ ಚಿಕ್ಕಪ್ಪ ಮರದಿಂದ ಜಾರಿದರು. ಬಹಳ ಮೇಲಿಂದೇನೂ ಅಲ್ಲ, ಹನ್ನೆರಡು ಅಡಿ ಇರಬಹುದು. ಎರಡೂ ಹಿಮ್ಮಡಿ ಊರಿ ಬಿದ್ದರು. ಬಲ ಹಿಮ್ಮಡಿ ಊದ್ಕೊಂಡಿತ್ತು. ‘ಏನಾಗಿಲ್ಲ ಬಿಡ್ಲಾ, ಉಳುಕಿರ್ಬೇಕು’ ಅಂತ ಅವರೇ ಹೇಳ್ತಿದ್ರು. ಇಬ್ಬರು ಹೆಗಲು ಕೊಟ್ಟು ಎಬ್ಬಿಸಿ ಆಟೊದಲ್ಲಿ ಕೂರಿಸೋಕೆ ತಯಾರಿದ್ರು. ಅಷ್ಟರಲ್ಲಿ ಊದಿದ ಕಾಲಿನ ಫೋಟೊ ನನಗೆ ಬಂತು.

ನನ್ನ ಸಹೋದ್ಯೋಗಿಯ ಅಕ್ಕ ಬೆಂಗಳೂರಿನಲ್ಲಿ ಮೂಳೆ ಶಸ್ತ್ರಚಿಕಿತ್ಸಕಿ. ಫೋಟೊ ಕಳಿಸಿದ ಒಂದೇ ನಿಮಿಷಕ್ಕೆ ಫೋನ್ ಮಾಡಿದ್ರು. ‘ಫೋಟೊ ಆಮೇಲೆ. ಅವರ ಪಕ್ಕದಲ್ಲಿ ಯಾರಿದ್ದಾರೆ? ನರ್ಸ್, ಆಶಾ, ಯಾರಾದ್ರೂ?’ ಪುಣ್ಯಕ್ಕೆ ಪಕ್ಕದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರೋ ಹುಡುಗಿ ಅಲ್ಲಿಗೆ ಬಂದಿದ್ದಳು. ವಿಡಿಯೊ ಕಾಲ್ ಅವಳ ಕೈಗೆ ಹೋಯ್ತು.

ಆಮೇಲಿನ ಐದು ನಿಮಿಷದಲ್ಲಿ ಆ ಡಾಕ್ಟರ್ ಹಿಮ್ಮಡಿಯನ್ನು ನೋಡಿದ್ದಕ್ಕಿಂತ ಬೆನ್ನಿನ ಬಗ್ಗೆ ಕೇಳಿದ್ದೇ ಹೆಚ್ಚು. ಬಿದ್ದಾಗ ಮೊದಲು ನೆಲಕ್ಕೆ ತಾಗಿದ್ದು ಯಾವುದು? ಬೆನ್ನುಮೂಳೆ ನಡುಗೆರೆಯಲ್ಲಿ ಒಂದೊಂದೇ ಗಂಟು ಒತ್ತುತ್ತಾ ಬಾ, ಎಲ್ಲಿ ನೋವು ಅಂತಾರೆ? ಕಾಲಿನ ಬೆರಳು ಆಡಿಸ್ತಾರಾ? ಮುಟ್ಟಿದ್ದು ಎರಡೂ ಕಾಲಿನಲ್ಲಿ ಒಂದೇ ಥರ ಗೊತ್ತಾಗುತ್ತಾ? ಹುಡುಗಿ ಸೊಂಟದ ಮೇಲ್ಭಾಗದಲ್ಲಿ ಒಂದು ಕಡೆ ಒತ್ತಿದ ತಕ್ಷಣ ಚಿಕ್ಕಪ್ಪ ಹಾ ಅಂದರು. ‘ಕೂರಿಸಬೇಡಿ. ಅಲ್ಲೇ ಚಪ್ಪಟೆಯಾಗಿ ಮಲಗಿರಲಿ. 108ಕ್ಕೆ ಹೇಳಿ. ಎತ್ತುವಾಗ ತಲೆ, ಹೆಗಲು, ಸೊಂಟ, ಕಾಲು ಎಲ್ಲ ಒಟ್ಟಿಗೆ ತಿರುಗಬೇಕು, ಮರದ ದಿಮ್ಮಿ ಉರುಳಿಸಿದ ಹಾಗೆ.’

ಆಸ್ಪತ್ರೆಯ ಎಕ್ಸ್‌-ರೇಯಲ್ಲಿ ಬಲ ಹಿಮ್ಮಡಿ ಮೂಳೆ ಬಿರಿದಿತ್ತು, ಜೊತೆಗೆ ಸೊಂಟದ ಮೊದಲ ಕಶೇರು ಮುಂಭಾಗದಲ್ಲಿ ಕುಸಿದಿತ್ತು. ನರಕ್ಕೆ ಪೆಟ್ಟಾಗಿರಲಿಲ್ಲ. ಬೆನ್ನಿಗೆ ಆಪರೇಷನ್ ಬೇಕಾಗಲಿಲ್ಲ, ಬೆಲ್ಟ್ ಕೊಟ್ಟರು.

ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದವರ ಬೆನ್ನನ್ನೂ ನೋಡಬೇಕು ಅನ್ನೋದು ಮೂಳೆ ವೈದ್ಯರಿಗೆಲ್ಲ ಮೊದಲ ಪಾಠವಂತೆ. ಹಿಮ್ಮಡಿ ಮೂಳೆ ಮುರಿದವರಲ್ಲಿ ಸುಮಾರು ಶೇ 10ರಷ್ಟು ಜನರಿಗೆ ಬೆನ್ನುಮೂಳೆಗೂ ಪೆಟ್ಟಾಗಿರುತ್ತೆ ಅಂತ ಪಠ್ಯಪುಸ್ತಕಗಳು ಹೇಳ್ತವೆ. ಬಿದ್ದ ಭಾರ ಹಿಮ್ಮಡಿಯಿಂದ ಕಾಲು, ಸೊಂಟ ದಾಟಿ ಬೆನ್ನಿಗೇ ಹೋಗಿ ಬಡಿಯೋದು ಅದಕ್ಕೆ ಕಾರಣ. ತೆಂಗಿನ ಸೀಮೆಯ ಪ್ರತಿ ಮನೆಗೂ ಈ ಒಂದು ವಿಷಯ ಗೊತ್ತಿದ್ದರೆ ಸಾಕು.

ನಾನು ಕಳಿಸಿದ ಫೋಟೊದಲ್ಲಿ ಇದ್ದದ್ದು ಊದಿದ ಕಾಲು ಮಾತ್ರ. ಬೆನ್ನು ಸಿಕ್ಕಿದ್ದು ಆ ಹುಡುಗಿಯ ಬೆರಳಿಗೆ. ಕಣ್ಣು ಬೆಂಗಳೂರಿನದ್ದು, ಕೈ ನುಗ್ಗೇಹಳ್ಳಿಯದ್ದು. ಎರಡರಲ್ಲಿ ಒಂದಿಲ್ಲದಿದ್ದರೂ ಚಿಕ್ಕಪ್ಪ ಆಟೊದಲ್ಲಿ ಕೂತು ಹೋಗ್ತಿದ್ದರು.

ಎಕ್ಸ್‌-ರೇಯಲ್ಲಿ ರಕ್ತ ಕಾಣಲ್ಲ

ಇನ್ನೊಂದು ಘಟನೆ ನಮ್ಮ ಸುತ್ತಿನದೇ, ನಾನು ಕೇಳಿದ್ದು. ಎಂಟು-ಹತ್ತು ವರ್ಷದ ಹುಡುಗ ಆಟ ಆಡ್ತಾ ಬಿದ್ದು ಮೊಣಕೈ ಮೇಲೆ ಮೂಳೆ ಮುರೀತು. ಎಕ್ಸ್‌-ರೇ ತೆಗೆಸಿದ್ರು. ‘ಆಪರೇಷನ್ ಅಂದ್ರೆ ಸುಮ್ನೆ ಖರ್ಚು’ ಅಂತ ನಾಟಿ ಕಟ್ಟು ಹಾಕಿಸಿದ್ರು. ಎಕ್ಸ್‌-ರೇ ಫೋಟೊ ಎರಡು ದಿನ ಗ್ರೂಪಿಂದ ಗ್ರೂಪಿಗೆ ಓಡಾಡಿತು. ನೋಡಿದವರೆಲ್ಲ ಮೂಳೆ ನೋಡಿದರು. ಬೆರಳಿನ ಫೋಟೊ ಯಾರೂ ಕೇಳಲಿಲ್ಲ. ಕಟ್ಟು ಬಿಚ್ಚುವ ಹೊತ್ತಿಗೆ ಮುಂಗೈ ಸ್ನಾಯು ಸತ್ತು ಬೆರಳುಗಳು ಮಡಚಿಕೊಂಡಿದ್ದವು. ಮೂಳೆ ಕೂಡಿತು, ಕೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ.

ನಾಟಿ ಕಟ್ಟಿನವರನ್ನು ಬೈಯೋದು ಸುಲಭ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ‘ಪುತ್ತೂರು ಕಟ್ಟು’ ಅನ್ನೋ ಬೋರ್ಡು ಬೆಂಗಳೂರಿನ ಮುಖ್ಯರಸ್ತೆಗಳಲ್ಲೇ ಇವೆ. ಜನ ಹೋಗೋದಕ್ಕೆ ಕಾರಣವೂ ಇದೆ: ಹತ್ತಿರ, ಕಡಿಮೆ ಖರ್ಚು, ಕತ್ತರಿ ಇಲ್ಲ. ಜಾಗ ಬಿಟ್ಟು ಕದಲದ ಸಣ್ಣ ಬಿರುಕು ಅಲುಗಾಡದ ಹಾಗೆ ಇಟ್ಟರೆ ತಾನೇ ಕೂಡುತ್ತೆ, ಯಾರು ಕಟ್ಟಿದರೂ ಕೂಡುತ್ತೆ. ಅಪಾಯ ಇರೋದು ಬಿಗಿಯಲ್ಲಿ. ಮುರಿದ ಜಾಗ ಒಳಗಿಂದ ಊದುತ್ತೆ, ಹೊರಗೆ ಕಟ್ಟು ಬಿಗಿಯಾಗಿರುತ್ತೆ, ನಡುವೆ ಸಿಕ್ಕಿದ ಸ್ನಾಯುವಿಗೆ ರಕ್ತ ಹೋಗಲ್ಲ. ಆರು ಗಂಟೆ ಆಸುಪಾಸಿನಲ್ಲಿ ಸ್ನಾಯುವಿಗೆ ಸರಿಪಡಿಸಲಾಗದ ಹಾನಿ ಶುರುವಾಗುತ್ತೆ. ವೈದ್ಯರು ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂತಾರೆ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್ ಬಿಗಿಯಾದರೂ ಇದೇ ಕಥೆ. ಕಟ್ಟೇ ಇಲ್ಲದೆ ಬರೀ ಊತದಿಂದಲೂ ಆಗಬಹುದು.

ಇದನ್ನು ಗುರುತಿಸೋಕೆ ಯಾವ ಯಂತ್ರವೂ ಬೇಡ, ಫೋನ್ ಹಿಡ್ಕೊಂಡು ಕೇಳಿದರೆ ಗೊತ್ತಾಗುತ್ತೆ. ನೋವಿನ ಮಾತ್ರೆ ಕೊಟ್ಟರೂ ನೋವು ಏರ್ತಾನೇ ಇದೆಯಾ? ಬೆರಳನ್ನು ನಾವು ಮೆಲ್ಲಗೆ ನೇರ ಮಾಡಿದರೆ ಕಿರುಚುತ್ತಾರಾ? ಬೆರಳು ಜೋಮು ಹಿಡಿದಿದೆಯಾ, ಬಿಳಿಚಿದೆಯಾ, ತಣ್ಣಗಿದೆಯಾ? ಒಂದಕ್ಕೆ ಹೌದು ಅಂದರೂ ಕಟ್ಟನ್ನು ತಕ್ಷಣ ಸಡಿಲಿಸಿ ಆಸ್ಪತ್ರೆಗೆ ಓಡಬೇಕು. ಚರ್ಮ ಬೆಚ್ಚಗಿದೆ, ನಾಡಿ ಸಿಗ್ತಿದೆ ಅಂತ ಕಾಯೋ ಹಾಗೂ ಇಲ್ಲ, ಅವು ಕೊನೆಗೆ ಹೋಗೋ ಗುರುತುಗಳು.

ಇಸಿಜಿ ಒಂದು, ಎಕ್ಸ್‌-ರೇ ಇನ್ನೊಂದು

ಚಿತ್ರ ಕಳಿಸಿ ದೂರದ ತಜ್ಞರನ್ನು ಕೇಳೋದು ವಾಟ್ಸ್‌ಆ್ಯಪ್‌ಗಿಂತ ಹಳೇದು. ಬಾಂಗ್ಲಾದೇಶದ ಢಾಕಾ ಹತ್ತಿರ ಸಾವರ್‌ನಲ್ಲಿ ಬೆನ್ನುಹುರಿ ಪೆಟ್ಟಾದವರಿಗೆ ಪುನರ್ವಸತಿ ಕೊಡೋ ಒಂದು ಕೇಂದ್ರ ಇದೆ. ಅದನ್ನು 1979ರಲ್ಲಿ ಕಟ್ಟಿದ್ದು ವ್ಯಾಲರಿ ಟೇಲರ್ ಅನ್ನೋ ಬ್ರಿಟಿಷ್ ಫಿಸಿಯೊಥೆರಪಿಸ್ಟ್. 1999ರಲ್ಲಿ ಬ್ರಿಟನ್ನಿನ ಸ್ವಿನ್‌ಫೆನ್ ಟ್ರಸ್ಟ್ ಅವರಿಗೆ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟು ಇಮೇಲ್ ಸಂಪರ್ಕ ಏರ್ಪಡಿಸಿತು. ಅಲ್ಲಿನ ವೈದ್ಯರು ಎಕ್ಸ್‌-ರೇಯ ಚಿತ್ರ ತೆಗೆದು ಇಮೇಲ್ ಮಾಡಿದರೆ ಬ್ರಿಟನ್ನಿನ ತಜ್ಞರು ಉಚಿತವಾಗಿ ಅಭಿಪ್ರಾಯ ಬರೆದು ಕಳಿಸ್ತಿದ್ದರು. ಕೇಳಿದವರೂ ವೈದ್ಯರು, ಹೇಳಿದವರೂ ವೈದ್ಯರು.

ನಮ್ಮ ರಾಜ್ಯದಲ್ಲಿ 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಆಮೇಲೆ ಸ್ಮಾರ್ಟ್‌ಫೋನ್ ಬಂತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಇಸಿಜಿ ಓದಿ ಸಲಹೆ ಕೊಡೋ ವ್ಯವಸ್ಥೆ ಮಾಡಿದ್ದನ್ನು ನೀವೂ ಓದಿರಬಹುದು.

ಹೃದಯಕ್ಕೆ ಆದದ್ದು ಮೂಳೆಗೂ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಆದರೆ ಒಂದು ವ್ಯತ್ಯಾಸ ಇದೆ. ಹೃದಯಾಘಾತದ ಶಂಕೆ ಬಂದಾಗ ಮೊದಲ ನಿರ್ಧಾರಕ್ಕೆ ಬೇಕಾದ ಬಹುಪಾಲು ಮಾಹಿತಿ ಆ ಇಸಿಜಿ ಕಾಗದದಲ್ಲೇ ಇರುತ್ತೆ. ಎಕ್ಸ್‌-ರೇ ಹೇಳೋದು ಮೂಳೆ ಎಲ್ಲಿ ಮುರಿದಿದೆ, ಎಷ್ಟು ಸರಿದಿದೆ ಅಂತ ಅಷ್ಟೇ. ಚರ್ಮ ಹರಿದಿದೆಯಾ, ನರ ಕೆಲಸ ಮಾಡ್ತಿದೆಯಾ, ರಕ್ತ ಓಡ್ತಿದೆಯಾ ಅನ್ನೋದನ್ನು ಮುಟ್ಟಿ ನೋಡಿದವರೇ ಹೇಳಬೇಕು. ಕಾಲು ಉಳಿಯುತ್ತಾ ಹೋಗುತ್ತಾ ಅನ್ನೋದು ಹೆಚ್ಚಿನ ಸಲ ಇವುಗಳಿಂದಲೇ ತೀರ್ಮಾನ ಆಗುತ್ತೆ.

ಸೌಲಭ್ಯ ಕಡಿಮೆ ಇರೋ ಕಡೆ ಶಸ್ತ್ರಚಿಕಿತ್ಸೆಯನ್ನೇ ಹೇಗೆ ಹೊಂದಿಸಬಹುದು ಅನ್ನೋದಕ್ಕೂ ಒಂದು ಒಳ್ಳೆ ಉದಾಹರಣೆ ಇದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಲೂಯಿಸ್ ಜರ್ಕಲ್ 1999ರಲ್ಲಿ ‘ಸೈನ್’ ಅನ್ನೋ ಸಂಸ್ಥೆ ಶುರು ಮಾಡಿದರು. ಅವರ ರಾಡ್ ಹಾಕೋಕೆ ಸಿ-ಆರ್ಮ್ ಬೇಡ. ಒಳಗಿರೋ ರಾಡಿನ ತೂತು ಎಲ್ಲಿ ಬರುತ್ತೆ ಅಂತ ಹೊರಗೆ ಜೋಡಿಸಿದ ಅಳತೆ ಚೌಕಟ್ಟೇ ತೋರಿಸುತ್ತೆ. ಆಪರೇಷನ್ ಮಾಡಿದವರು ಎಕ್ಸ್‌-ರೇಗಳನ್ನು ಸಂಸ್ಥೆಯ ಆನ್‌ಲೈನ್ ದಾಖಲೆಗೆ ಹಾಕ್ತಾರೆ, ಅನುಭವಿ ಶಸ್ತ್ರಚಿಕಿತ್ಸಕರು ನೋಡಿ ಟಿಪ್ಪಣಿ ಬರೀತಾರೆ, ಬಳಸಿದ ರಾಡಿನ ಬದಲಿಗೆ ಹೊಸದು ಬರುತ್ತೆ. ಅಲ್ಲೂ ದೂರದ ತಜ್ಞರು ಸ್ಥಳೀಯ ವೈದ್ಯರ ಜಾಗಕ್ಕೆ ಬಂದು ಕೂರಲಿಲ್ಲ. ಅವರ ಕೈಯನ್ನು ಇನ್ನಷ್ಟು ಪಳಗಿಸಿದರು.

ಸಲಹೆ ಕೊಟ್ಟವರು ಯಾರು, ಹೊಣೆ ಯಾರದು?

ನಮ್ಮೂರ ದೇವಸ್ಥಾನದ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ಎಂಟು ಶತಮಾನ ಹತ್ತಿರ ಬಂದರೂ ಯಾವುದು ಯಾರ ಕೆಲಸ ಅಂತ ಗೊತ್ತಾಗುತ್ತೆ. ಫಾರ್ವರ್ಡ್ ಆಗಿ ಬಂದ ವೈದ್ಯ ಸಲಹೆಗೆ ಮಾತ್ರ ಹೆಸರೇ ಇರಲ್ಲ. ‘ಯಾರೋ ದೊಡ್ಡ ಡಾಕ್ಟ್ರು ಹೇಳಿದ್ರಂತೆ, ಪ್ಲಾಸ್ಟರ್ ಸಾಕಂತೆ.’

ಇದಕ್ಕೆ ನಿಯಮ ಇದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ದೂರದಿಂದ ಸಲಹೆ ಕೊಡೋ ವೈದ್ಯರು ನೋಂದಾಯಿತರಾಗಿರಬೇಕು, ಬರೆದುಕೊಟ್ಟ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು, ದಾಖಲೆ ಇಡಬೇಕು. ಒಬ್ಬ ವೈದ್ಯರು ಇನ್ನೊಬ್ಬ ತಜ್ಞರ ಸಲಹೆ ಕೇಳಿದರೆ ಚಿಕಿತ್ಸೆಯ ಹೊಣೆ ರೋಗಿಯನ್ನು ನೋಡ್ತಿರೋ ವೈದ್ಯರದ್ದೇ. ತುರ್ತು ಸಂದರ್ಭದಲ್ಲಿ ಫೋನ್ ಸಲಹೆಯ ಗುರಿ ಒಂದೇ: ಆದಷ್ಟು ಬೇಗ ರೋಗಿಯನ್ನು ವೈದ್ಯರ ಎದುರಿಗೆ ತಲುಪಿಸೋದು.

ಸರ್ಕಾರದ ಇ-ಸಂಜೀವಿನಿ ಕಟ್ಟಿರೋದೂ ಹೀಗೇ. 2019ರ ನವೆಂಬರ್‌ನಲ್ಲಿ ಶುರುವಾದಾಗ ಅದು ಆರೋಗ್ಯ ಕೇಂದ್ರದ ಸಿಬ್ಬಂದಿ ದೂರದ ವೈದ್ಯರನ್ನು ಕೇಳೋ ವ್ಯವಸ್ಥೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಮನೆಯಿಂದಲೇ ರೋಗಿ ಮಾತಾಡೋ ಒಪಿಡಿ ಸೇರಿತು. 2023ರ ಫೆಬ್ರುವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತ್ತು. ಉಚಿತ. ಮೂಳೆ ವಿಷಯದಲ್ಲಿ ಮನೆಯಿಂದ ಮಾಡೋದಕ್ಕಿಂತ ಉಪಕೇಂದ್ರದಲ್ಲಿ ಕೂತು, ಅಲ್ಲಿನ ಸಿಬ್ಬಂದಿ ಮೂಲಕ ಮಾತಾಡಿದರೆ ಲಾಭ ಜಾಸ್ತಿ. ಮುಟ್ಟಿ ನೋಡೋಕೆ ಒಬ್ಬರಿರ್ತಾರಲ್ಲ, ಅದಕ್ಕೆ.

ಎಕ್ಸ್‌-ರೇ ಕಳಿಸೋದಾದರೆ ಹೀಗೆ ಕಳಿಸಿ

ಮೂಳೆ ವೈದ್ಯರಲ್ಲಿ ‘ಎರಡರ ನಿಯಮ’ ಅಂತ ಒಂದಿದೆ. ಎರಡು ಕೋನ: ಎದುರಿಂದ ಒಂದು, ಪಕ್ಕದಿಂದ ಒಂದು. ಎದುರಿಂದ ನೆಟ್ಟಗೆ ಕಂಡ ಮೂಳೆ ಪಕ್ಕದಿಂದ ನೋಡಿದರೆ ಪೂರ್ತಿ ಸರಿದಿರಬಹುದು. ಎರಡು ಕೀಲು: ಮುರಿದ ಜಾಗದ ಮೇಲಿನದು, ಕೆಳಗಿನದು. ಮಕ್ಕಳಲ್ಲಿ ಬೇಕಾದರೆ ಎರಡು ಬದಿ, ಹೋಲಿಸಿ ನೋಡೋಕೆ. ಕೆಲವು ಸಲ ಎರಡು ಹೊತ್ತು: ಮಣಿಕಟ್ಟಿನ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಮೂಳೆ ಮುರಿದದ್ದು ಮೊದಲ ದಿನ ಕಾಣದೆ, ಹತ್ತು-ಹದಿನಾಲ್ಕು ದಿನದ ನಂತರದ ಎಕ್ಸ್‌-ರೇಯಲ್ಲಿ ಕಾಣಬಹುದು.

ಫಿಲ್ಮನ್ನು ಕಿಟಕಿಗೆ ಹಿಡಿಯೋ ಬದಲು, ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು ಅದರ ಮುಂದೆ ಹಿಡಿಯಿರಿ. ಕೋಣೆಯ ದೀಪ ಆರಿಸಿ, ಫ್ಲ್ಯಾಶ್ ಬೇಡ. ಫೋನ್ ಓರೆ ಹಿಡಿಯಬೇಡಿ.

ಪೂರ್ತಿ ಫಿಲ್ಮ್ ಬರಲಿ, ಎಡ-ಬಲದ ಗುರುತು, ತಾರೀಕು ಕಾಣಲಿ. ಆಮೇಲೆ ಮುರಿದ ಜಾಗದ ಹತ್ತಿರದ ಫೋಟೊ ಬೇರೆ ತೆಗೆಯಿರಿ.

ವಾಟ್ಸ್‌ಆ್ಯಪ್‌ನಲ್ಲಿ ‘ಫೋಟೊ’ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತೆ, ಕೂದಲೆಳೆ ಬಿರುಕು ಮಾಯ ಆಗಬಹುದು. ‘ಡಾಕ್ಯುಮೆಂಟ್’ ಅಂತ ಕಳಿಸಿ. ಆಸ್ಪತ್ರೆ ಸಿ.ಡಿ. ಅಥವಾ ಲಿಂಕ್ ಕೊಟ್ಟರೆ ಅದೇ ಒಳ್ಳೇದು.

ಜೊತೆಗೆ ನಾಲ್ಕು ಸಾಲು ಬರೆಯಿರಿ: ವಯಸ್ಸು, ಬಿದ್ದದ್ದು ಯಾವಾಗ, ಹೇಗೆ, ಗಾಯ ತೆರೆದಿದೆಯಾ, ಬೆರಳು ಆಡ್ತವಾ, ಸ್ಪರ್ಶ ಇದೆಯಾ, ಸಕ್ಕರೆ ಕಾಯಿಲೆ, ರಕ್ತ ತೆಳುಮಾಡೋ ಮಾತ್ರೆ ಇದೆಯಾ.

ಒಬ್ಬ ವೈದ್ಯರಿಗೆ ನೇರವಾಗಿ ಕಳಿಸಿ. ಅಜ್ಜಿಯ ಹೆಸರು ಸಮೇತ ಎಕ್ಸ್‌-ರೇ ನೂರು ಜನರ ಗ್ರೂಪಿಗೆ ಹೋಗೋದು ಬೇಡ.

ಪಾದ ಹೊರಳಿದರೆ ಎಕ್ಸ್‌-ರೇ ಬೇಕಾ ಅನ್ನೋ ಪ್ರಶ್ನೆಗೂ ಒಂದು ಪರೀಕ್ಷೆ ಇದೆ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪುಗೊಂಡದ್ದು. ಹೊರಳಿದಾಗಲೂ ಈಗಲೂ ನಾಲ್ಕು ಹೆಜ್ಜೆ ಊರಿ ನಡೆಯೋಕೆ ಆಗದಿದ್ದರೆ, ಇಲ್ಲವೇ ಹರಡಿನ ಎರಡು ಬದಿಯ ಮೂಳೆಗುಬ್ಬಿಗಳ ತುದಿ ಅಥವಾ ಹಿಂಬದಿ ಅಂಚು ಒತ್ತಿದರೆ ನೋವಾದರೆ ಎಕ್ಸ್‌-ರೇ ಬೇಕು. ಪಾದದ ಒಳಬದಿಯ ಮಧ್ಯಭಾಗ, ಕಿರುಬೆರಳ ಕಡೆಯ ಮೂಳೆಯ ಬುಡ ನೋವಾದರೂ ಬೇಕು. ಇವು ಯಾವುದೂ ಇಲ್ಲದಿದ್ದರೆ ಮುರಿದಿರೋ ಸಾಧ್ಯತೆ ಬಹಳ ಕಡಿಮೆ. ಪುಟ್ಟ ಮಕ್ಕಳಿಗೆ, ಕಾಲು ಜೋಮು ಇರೋರಿಗೆ, ಕುಡಿದವರಿಗೆ ಇದು ಅನ್ವಯಿಸಲ್ಲ.

ಫೋನ್ ಕೆಳಗಿಟ್ಟು ಹೊರಡಬೇಕಾದಾಗ

ಕೆಲವಕ್ಕೆ ಸಲಹೆ ಕೇಳ್ತಾ ಕೂರೋದೇ ನಷ್ಟ. ಮೂಳೆ ಹೊರಗೆ ಬಂದಿದ್ದರೆ, ಅಥವಾ ಮುರಿದ ಜಾಗದ ಮೇಲೆ ಸಣ್ಣ ಗಾಯ ಇದ್ದರೂ, ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ ಹೊರಡಿ. ಮೂಳೆಯನ್ನು ಒಳಗೆ ತಳ್ಳಬೇಡಿ, ಅರಿಶಿನ-ಕಾಫಿಪುಡಿ ಹಾಕಬೇಡಿ. ಆ್ಯಂಟಿಬಯಾಟಿಕ್ ಆದಷ್ಟು ಬೇಗ, ಸಾಧ್ಯವಾದರೆ ಗಂಟೆಯೊಳಗೆ ಸಿಗಬೇಕು. ಅದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಡಿಸಿ ಮುಂದೆ ಹೋಗಬಹುದು. ದೂರದ ತಜ್ಞರು ಸ್ಥಳೀಯ ವೈದ್ಯರಿಗೆ ಫೋನ್‌ನಲ್ಲಿ ಹೇಳಿ ಮಾಡಿಸಬಹುದಾದ ದೊಡ್ಡ ಉಪಕಾರ ಇದು.

ಬಿದ್ದ ಅಜ್ಜಿಗೆ ಕಾಲು ಎತ್ತೋಕಾಗದೆ, ಕಾಲು ಗಿಡ್ಡ ಆಗಿ ಪಾದ ಹೊರಗೆ ತಿರುಗಿದ್ದರೆ ಅದು ಸೊಂಟದ ಬಳಿಯ ಮುರಿತ ಅಂತಲೇ ತಿಳೀರಿ. ‘ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿರ್ಲಿ ಬಿಡು’ ಅನ್ನೋ ಮಾತು ನಮ್ಮ ಕಡೆ ಸಾಮಾನ್ಯ. ಮಲಗಿದ್ದೇ ಅವರನ್ನು ಕೊಲ್ಲುತ್ತೆ. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಬೆನ್ನಲ್ಲಿ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ದೇಹಸ್ಥಿತಿ ಒಪ್ಪಿದರೆ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಬೇಗ ಎಬ್ಬಿಸಿ ನಡೆಸೋದೇ ಇವತ್ತಿನ ಪದ್ಧತಿ. ವಾರ ಇಡೀ ಎರಡನೇ, ಮೂರನೇ ಅಭಿಪ್ರಾಯ ಕೇಳ್ತಾ ಇದ್ದರೆ ಆ ಅವಕಾಶವೇ ಕೈತಪ್ಪುತ್ತೆ.

ಫೋನ್ ನಿಜವಾಗಿ ಹಣ ಉಳಿಸೋದು ಆಮೇಲಿನ ತಿಂಗಳುಗಳಲ್ಲಿ. ಚಿಕ್ಕಪ್ಪ ಮೂರು ತಿಂಗಳು ಬಲಗಾಲು ಊರಲಿಲ್ಲ. ಬೆಲ್ಟ್ ಸರಿ ಹಾಕ್ಕೊಂಡಿದ್ದಾರಾ, ಬೆರಳು ಊದಿದೆಯಾ, ಯಾವ ವ್ಯಾಯಾಮ ಯಾವಾಗ ಅನ್ನೋದೆಲ್ಲ ಆ ಹುಡುಗಿ ಕೈಯ ವಿಡಿಯೊ ಕಾಲ್‌ನಲ್ಲೇ ನಡೀತು. ಆಸ್ಪತ್ರೆಗೆ ಹೋಗಿದ್ದು ಎಕ್ಸ್‌-ರೇ ತೆಗೆಸಬೇಕಾದಾಗ ಮಾತ್ರ. ಹೋಗದೇ ಉಳಿದ ಪ್ರತಿ ಸಲವೂ ಒಂದು ಕಾರಿನ ಬಾಡಿಗೆ, ಇಬ್ಬರ ಒಂದೊಂದು ದಿನದ ಕೆಲಸ ಉಳಿಯಿತು.

ಈ ವಾರಾಂತ್ಯ ಊರಿಗೆ ಹೋದರೆ

ದೊಡ್ಡ ಡಾಕ್ಟರ ನಂಬರ್ ಹುಡುಕೋದು ನಮಗೆ ಬರುತ್ತೆ. ಅದಕ್ಕಿಂತ ಉಪಯೋಗದ ಕೆಲಸ ಊರಲ್ಲಿ ಆ ಫೋನನ್ನು ಯಾರ ಕೈಗೆ ಕೊಡಬೇಕು ಅಂತ ಮೊದಲೇ ಗೊತ್ತುಮಾಡ್ಕೊಳ್ಳೋದು. ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಯಾರು, ಆಶಾ ಕಾರ್ಯಕರ್ತೆ ಯಾರು? ಮಾತಾಡಿಸಿ, ನಂಬರ್ ತಗೊಂಡು ಅಮ್ಮನ ಫೋನಿನಲ್ಲೂ ಹಾಕಿ. ಎಕ್ಸ್‌-ರೇ ಹತ್ತಿರದಲ್ಲಿ ಎಲ್ಲಿದೆ, ರಾತ್ರಿ ಇರುತ್ತಾ ಅಂತ ಕೇಳ್ಕೊಳ್ಳಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಲ್ಲದಿದ್ದರೆ ಮಾಡಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತೆ ಅನ್ನೋದು ನೆನಪಿರಲಿ.

ಹಾಗೇ ಬಚ್ಚಲುಮನೆಗೆ ಒಂದು ಹಿಡಿಕೆ, ಒಂದು ಒರಟು ಮ್ಯಾಟ್ ಹಾಕಿಸಿ ಬನ್ನಿ. ಅದಕ್ಕೆ ಯಾವ ತಜ್ಞರ ಸಲಹೆಯೂ ಬೇಡ.

ನಿಮ್ಮ ಊರಲ್ಲಿ ಇಂಥ ಸಮಯದಲ್ಲಿ ಯಾರು ನೆರವಾದರು, ಏನು ಕಷ್ಟ ಆಯ್ತು? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಇನ್ನೊಂದು ಊರಿನವರಿಗೆ ಅದು ದಾರಿ ಆಗಬಹುದು.